ಕೋರಂ ಆಯಿತು

ಸಭಾಂಗಣದ ಬಾಗಿಲು ತಳ್ಳಿಕೊಂಡು ಬಂದ ಹುಡುಗಿಯ ಕೈಯಲ್ಲಿ ಲ್ಯಾಮಿಂಗ್ಟನ್ ಕೇಕಿನ ತಟ್ಟೆಯಿತ್ತು. "ಕಮಿಟಿ ಮೀಟಿಂಗು ಇಲ್ಲೇ ತಾನೆ? ನಾನು ಬ್ರಿಯೋನಿ. ಹೋದ ವಾರ ರೈಲು ಹಳಿ ಪಕ್ಕದ ಮನೆಗೆ ಬಂದ್ವಿ."

"ಈ ಊರಲ್ಲಿ ಮನೆ ಮಾಡಿದವರೆಲ್ಲ ಸದಸ್ಯರೇ ಕಣಮ್ಮ, ಕೂತ್ಕೋ," ಎಂದ ಅಧ್ಯಕ್ಷ ಕ್ಲಾರಿ. "ಎನಿಡ್, ಕೋರಂ ಆಯ್ತು ನೋಡು."

ಮುದುಕಿ ಎನಿಡ್ ತಲೆ ಎತ್ತದೆ ಟೀ ಕಪ್ಪು ಜೋಡಿಸತೊಡಗಿದಳು.

ಗೋಧಿ ಬೆಳೆಯುವ ಮ್ಯಾಲೀ ಸೀಮೆಯ ಆ ಪುಟ್ಟ ಊರಲ್ಲಿ ಕೋರಂ ಅನ್ನೋ ದೊಡ್ಡ ಮಾತು ಎಂದೋ ಅಡುಗೆಮನೆ ಸೇರಿತ್ತು. ಸೇರಿಸಿದವನು ಅವಳ ಗಂಡ ಬರ್ಟ್, ಕಮಿಟಿಯ ಖಜಾಂಚಿ. ಭಾನುವಾರದ ಕುರಿಮಾಂಸ ಮೇಜಿಗೆ ಬಂದರೂ ಮಕ್ಕಳೆಲ್ಲ ಕೂರುವ ತನಕ "ಕೋರಂ ಇಲ್ಲ" ಅಂತ ಚಾಕು ಮುಟ್ಟುತ್ತಿರಲಿಲ್ಲ ಪುಣ್ಯಾತ್ಮ. ಹೆಂಡತಿ ಮುನಿಸಿಕೊಂಡು ಮಲಗಿದರೆ ಟೀ ಹಿಡಿದು ಬಾಗಿಲಲ್ಲಿ ನಿಂತು, "ಒಬ್ಬನೇ ಇದೀನಿ ಮಾರಾಯ್ತಿ, ಕೋರಂ ಇಲ್ಲ" ಅನ್ನುತ್ತಿದ್ದ. ಎಂಥ ಕಾಲ ಅದು.

ಅವನು ಹೋದ ಮೇಲೆ ಮೀಟಿಂಗಿಗೆ ಬರುವವರು ಕ್ಲಾರಿ, ಎನಿಡ್ ಇಬ್ಬರೇ ಉಳಿದರು. ಕೋರಂಗೆ ಬೇಕಾದ ಮೂವರಿಲ್ಲದೆ ಯಾವ ಮಾತೂ ದಾಖಲಾಗುವಂತಿಲ್ಲ, ಹಾಗಾಗಿ ಬರ್ಟ್ ಸತ್ತದ್ದೂ ದಾಖಲಾಗಿರಲಿಲ್ಲ. ತಿಂಗಳು ತಿಂಗಳೂ ಇಬ್ಬರೂ ಬಂದು, ಅರ್ಧ ಗಂಟೆ ಕಾದು, ಟೀ ಕುಡಿದು ಎದ್ದು ಹೋಗುತ್ತಿದ್ದರು. ಕಾಗದದ ಮೇಲೆ ಬರ್ಟ್ ಇನ್ನೂ ಖಜಾಂಚಿಯೇ. ಎನಿಡ್‌ಗೆ ಅಷ್ಟೇ ಸಾಕಿತ್ತು.

"ಮೊದಲು ಟೀ ಆಗ್ಲಿ," ಎಂದಳು.

"ಮೊದಲು ಬರ್ಟ್‌ಗೆ ಸಂತಾಪ." ಕ್ಲಾರಿಯ ದನಿ ಮೆತ್ತಗಾಯಿತು. "ಇಷ್ಟು ದಿನ ತಪ್ಪಿಸ್ಕೊಂಡ್ವಿ ಕಣೇ. ಅವನು ನೋಡಿದ್ರೆ ನಮ್ಮಿಬ್ಬರಿಗೂ ಉಗೀತಿದ್ದ. ಅಧ್ಯಕ್ಷ ಅಂದ್ಮೇಲೆ ನಾನು ನಿರ್ಣಯ ಮಂಡಿಸೋ ಹಾಗಿಲ್ಲ. ನಿಮ್ಮಲ್ಲಿ ಒಬ್ಬರು ಮಂಡಿಸ್ಬೇಕು, ಇನ್ನೊಬ್ಬರು ಅನುಮೋದಿಸ್ಬೇಕು." ಆಮೇಲೆ ಬರ್ಟ್ ಯಾರೆಂದು ಹುಡುಗಿಗೆ ಹೇಳಿದ.

ಬ್ರಿಯೋನಿ ಅವನ ಮುಖ ಕೂಡ ಕಂಡವಳಲ್ಲ. ಆದರೂ ಪಾಪ, ಮಂಡಿಸುತ್ತೇನೆಂದು ಕೈ ಎತ್ತಿದಳು. ಕ್ಲಾರಿ ಎನಿಡ್ ಕಡೆ ತಿರುಗಿದ. ಅವಳ ಕೈ ಮಡಿಲಿಂದ ಏಳಲೇ ಇಲ್ಲ. ಹೊರಗೆ ಗೋಧಿ ಲಾರಿಯೊಂದು ಹಾದು ಹೋಯಿತು. ಕ್ಲಾರಿ ಕಾಯುತ್ತಲೇ ಇದ್ದ.

"ಅವರಿಗೆ ಕಷ್ಟ ಆದ್ರೆ," ಹುಡುಗಿ ಮೆಲ್ಲಗೆ ಕೇಳಿದಳು, "ನಾನೇ ಇನ್ನೊಂದು ಕೈನೂ ಎತ್ಲಾ?"

ಎನಿಡ್‌ಗೆ ನಗು ಬಂತು. ಅದರ ಹಿಂದೆಯೇ ಅಳುವೂ ಬಂತು.

"ಆಗಲ್ಲ ಮಗಳೇ," ಎಂದು ಕೈ ಎತ್ತಿದಳು. "ಬರ್ಕೋ ಕ್ಲಾರಿ. ನನ್ನ ಗಂಡ ತೀರಿಕೊಂಡ."