ಬಿಡು!

ಫುಟ್‌ಬಾಲ್ ಬಲ್ಲವರು ಕ್ಷಮಿಸಬೇಕು, ಕೇಳಿದಷ್ಟನ್ನೇ ಹೇಳುವ ಧೈರ್ಯ ಮಾಡಿದ್ದೇನೆ.

ಸ್ಕಾಟ್ಲೆಂಡಿನ ಮಿಡ್‌ಫೀಲ್ಡರ್ ಹ್ಯಾಮಿಶ್ ವೃತ್ತಿಯ ಕೊನೆಗಾಲಕ್ಕೆ ಬೆಂಗಳೂರಿನ ಕ್ಲಬ್ಬೊಂದಕ್ಕೆ ಬಂದಿದ್ದ. ಅಂದಿನ ಪಂದ್ಯ ಗೆಲ್ಲಿಸಿದರೆ ಇನ್ನೊಂದು ವರ್ಷ ಆಟ, ಇಲ್ಲದಿದ್ದರೆ ನಿವೃತ್ತಿ. ಅವನಿಗೆ ಬರುತ್ತಿದ್ದುದು ಒಂದೇ ಕನ್ನಡ ಪದ. ಜೊತೆಗಾರರು ಕಲಿಸಿದ್ದರು: "'ಬಿಡು' ಅಂದ್ರೆ ಚೆಂಡು ಮುಟ್ಬೇಡ ಗುರು, ಹೋಗ್ಲಿ."

ಕೊನೆಯ ನಿಮಿಷ, ಗೋಲು ಸಮ-ಸಮ. ಹಿಂದಿನಿಂದ ಬಂದ ಪಾಸ್ ಗೋಲಿನತ್ತ ಉರುಳುತ್ತ ಅವನ ಕಾಲ ಬಳಿ ಬಂತು. ಒದೆಯಲು ಕಾಲೆತ್ತಿದ.

"ಬಿಡು! ಬಿಡು!" ಎಂದು ಕೋಚ್ ಇಂಗ್ಲಿಷ್ ಮರೆತು ಕಿರುಚಿದರು.

ಹ್ಯಾಮಿಶ್ ಗಾಬರಿಯಿಂದ ಕಾಲು ಅಗಲಿಸಿ ನಿಂತ. ಒದೆತ ತಡೆಯಲು ಆಗಲೇ ಎಡಕ್ಕೆ ಹಾರಿದ್ದ ಗೋಲ್‌ಕೀಪರ್ ಬಿದ್ದಲ್ಲಿಂದಲೇ ನೋಡುತ್ತಿರಲು, ಚೆಂಡು ಮೆಲ್ಲಗೆ ಬಲೆ ಸೇರಿತು.

ಕೋಚ್ ಅವನನ್ನು ಅಪ್ಪಿಕೊಂಡು ಉಳಿದವರಿಗೆ ಹೇಳಿದರು: "ತಲೆ ಅಂದ್ರೆ ಇದು ಕಣ್ರೋ, ಕಲೀರಿ!"

ಕೋಚ್ ಕಿರುಚಿದ್ದು 'ಒಂದೇಟು ಬಿಡು', ಅಂದರೆ 'ಹೊಡಿ' ಎಂಬರ್ಥದಲ್ಲಿ ಎಂದು ಹ್ಯಾಮಿಶ್‌ಗೆ ಯಾರಾದರೂ ಹೇಳಿದರೋ ಇಲ್ಲವೋ, ಗೊತ್ತಿಲ್ಲ.