ನಾಲ್ಕನೆಯ ಸಾಲು

ಸಂಜೆ ಶಾಲೆಯಲ್ಲಿ ಎರಡು ವರ್ಷ ಕಲಿತವನು ಪದ್ಯಗಳ ವಿಚಾರ ಬರೆಯುವುದು ಅಧಿಕಪ್ರಸಂಗ, ಓದುವವರು ಕ್ಷಮಿಸಬೇಕು. ನಾನು ಮಾಡಿದ ತಪ್ಪನ್ನು ಹೇಳದೆ ಇರಲಾರೆ, ಅಷ್ಟೆ.

ನಲವತ್ನಾಲ್ಕನೆಯ ಇಸವಿ. ಮುಳಬಾಗಿಲಿನಲ್ಲಿ ನಮ್ಮ ಮೇಷ್ಟ್ರು ಕೋದಂಡರಾಮಪ್ಪನವರು ಒಂದು ಇಂಗ್ಲಿಷ್ ಕಥನಗೀತೆ ಪಾಠ ಮಾಡಿದರು. ಮಾಯಗಾತಿಗೆ ಮರುಳಾದವನ ಕಥೆ. ಪ್ರತಿ ಪದ್ಯದ ಕೊನೆಯ ಸಾಲು ಮೊಟಕು. "ಮರುಳಾದವನ ಉಸಿರು ಅಲ್ಲಿ ಕಟ್ಟುತ್ತೆ ಕಣ್ರಯ್ಯಾ. ನಮ್ಮ ಪದಗಳಲ್ಲೂ ಇಂಥದ್ದಿದ್ರೆ ಬರ್ಕೊಂಡು ಬನ್ನಿ" ಎಂದರು.

ನಾನು ಹುಡುಕಬೇಕಾಗಿರಲಿಲ್ಲ. ಪಕ್ಕದ ಮನೆಯ ಮುನಿಯಲ್ಲಮ್ಮ ದಿನಾ ಬೆಳಿಗ್ಗೆ ರಾಗಿ ಬೀಸುತ್ತ ಹಾಡುತ್ತಿದ್ದಳು. ಅವಳ ಗಂಡ ಯುದ್ಧಕ್ಕೆ ಹೋಗಿ ಎರಡು ವರ್ಷ. ಎಂಟು ತಿಂಗಳಿಂದ ಕಾಗದವಿಲ್ಲ.

ಏಳು ಬಾವಿ ನೀರ ಕುಡಿದ, ದಾಹ ತೀರಲಿಲ್ಲ;
ಏಳು ಊರ ದಾರಿ ನಡೆದ, ಮನೆಯು ಸಿಗಲಿಲ್ಲ;
ಬೆಟ್ಟದವಳು ಮಂಕುಬೂದಿ ಎರಚಿಬಿಟ್ಟಳಲ್ಲ;
ಬಾರೋ…

ಅಷ್ಟೆ. ಆಮೇಲೆ ಬರೀ ಕಲ್ಲಿನ ಸದ್ದು. ನಾನು ಮೂರು ಪುಟ ಬರೆದೆ: ಹಾಡು ಕಟ್ಟಿದವನು ಬೇಕೆಂದೇ ಸಾಲು ಕತ್ತರಿಸಿದ್ದಾನೆ, ಆ ಮೌನವೇ ಮಾಯೆ, ಇತ್ಯಾದಿ. ಮೇಷ್ಟ್ರು ಬೆನ್ನು ತಟ್ಟಿ, ಶನಿವಾರ ಎಲ್ಲರೆದುರು ಓದು ಎಂದರು.

ಎಲ್ಲಿ ತಪ್ಪಿದೆಯೋ ಎಂಬ ಅಂಜಿಕೆಯಿಂದ ಶನಿವಾರ ಬೆಳಿಗ್ಗೆ ಮುನಿಯಲ್ಲಮ್ಮನ ಅತ್ತೆ ಭಾರತಮ್ಮನಿಗೆ ಓದಿ ಹೇಳಿದೆ. ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದ ಮುದುಕಿ ನಕ್ಕುಬಿಟ್ಟಳು.

"ಕತ್ತರಿಸಿದ್ದು ಯಾರು ನಾಯನಾ? ಸಾಲು ಪೂರ್ತಿ ಐತೆ. 'ಬಾರೋ ಗಂಗುಲಪ್ಪ, ಬಾಗ್ಲು ತೆರೆದೈತೆ ಬಾರೋ' ಅಂತ."

"ಮತ್ತೆ ಮುನಿಯಲ್ಲಮ್ಮ?"

"ಹಾಡಿನೋನ ಹೆಸ್ರೂ ನನ್ನ ಮಗನ ಹೆಸ್ರೂ ಒಂದೇ. ಗಂಡನ ಹೆಸ್ರು ಬಾಯಲ್ಲಿ ಹೇಳ್ತಾಳೇನೋ? ಮದ್ವೆಯಾಗಿ ಬಂದಾಗಿಂದ ಅಷ್ಟು ನುಂಗ್ಕೊಂಡೇ ಹಾಡ್ತಾಳೆ. ಓದ್ದೋನು ನೀನು, ಇದೂ ಗೊತ್ತಾಗ್ಲಿಲ್ವಾ?"

ನನಗೆ ತಲೆ ಎತ್ತಲಾಗಲಿಲ್ಲ. "ಅವ್ರಿಗೊಂದು ಕಾಗ್ದ ಬರ್ಕೊಡಣ್ಣ" ಎಂದು ಮುನಿಯಲ್ಲಮ್ಮ ನನ್ನ ಹತ್ತಿರವೇ ಬರುತ್ತಿದ್ದಳು. ವಿಳಾಸದಲ್ಲಿ ಗಂಗುಲಪ್ಪ ಎಂದು ಬರೆಯುತ್ತಿದ್ದವನು ನಾನೇ.

ಆಗ ಒಳಗೆ ಬೀಸುವ ಕಲ್ಲು ನಿಂತಿತು. ನಮ್ಮ ಮಾತು ಅವಳಿಗೆ ಕೇಳಿಸಿರಬೇಕು. ಸ್ವಲ್ಪ ಹೊತ್ತಿಗೆ ಕಲ್ಲು ಮತ್ತೆ ತಿರುಗಿತು, ಹಾಡೂ ಬಂತು. ಮೂರು ಸಾಲು ಎಂದಿನಂತೆ. ನಾಲ್ಕನೆಯದು ನಿಲ್ಲಲಿಲ್ಲ.

ಬಾರೋ ಗಂಗುಲಪ್ಪ, ಬಾಗಿಲು ತೆರೆದೈತೆ ಬಾರೋ.

"ಲೇ ಮುನಿಯಲ್ಲೀ…" ಎಂದ ಭಾರತಮ್ಮ ಮುಂದೆ ಗದರಲಿಲ್ಲ. ಮೊರ ಕೆಳಗಿಟ್ಟು ಎದ್ದಳು. ಅರೆ ಮುಚ್ಚಿದ್ದ ಬೀದಿಬಾಗಿಲನ್ನು ಗೋಡೆಗೆ ತಾಗುವವರೆಗೂ ತೆರೆದಿಟ್ಟಳು.

ಆ ಸಂಜೆ ಶಾಲೆಯಲ್ಲಿ ನಾನು ಏನನ್ನೂ ಓದಲಿಲ್ಲ. ಕಾದು ಸಾಕಾಗಿಯೋ, ನಮಗೆ ಹೇಳದ ಸುದ್ದಿ ಏನಾದರೂ ತಿಳಿದೋ, ಅವಳು ಅಂದು ಹೆಸರು ಹಿಡಿದು ಕರೆದದ್ದೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.