ಬಟ್ಟಲಾದ ಅಂಗೈ

ಎಡಗೈಯಲ್ಲಿದ್ದ ಫೋನನ್ನು ಮಂಚದ ಮೇಲೆ ಬಿಸಾಡಿದ ಮೇಲೂ ಅಮ್ಮನ ಬಲಗೈ ನಿಲ್ಲಲಿಲ್ಲ. ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ, ದಿಂಬಿನ ಮೇಲೆ ಬೋರಲು ಮಲಗಿದ್ದ ದೊಡ್ಡ ಮಗಳ ಬೆನ್ನನ್ನು ತಟ್ಟುತ್ತಲೇ ಇದ್ದಳು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆ ಇರುವ ಹುಡುಗಿ. ಎದೆಯಲ್ಲಿ ಅಂಟಿನಂತೆ ಕಟ್ಟಿಕೊಳ್ಳುವ ಕಫ ಸಡಿಲವಾಗಲು ಬೆಳಿಗ್ಗೆ ಸಂಜೆ ಹೀಗೆ ತಟ್ಟಲೇಬೇಕು.

“ಇವತ್ತು ನನ್ನ ಬೆನ್ನಿನ ಡೋಲು ಯಾಕೋ ಮೆಲ್ಲಗಾಯ್ತು,” ಎಂದಳು ಮಗಳು. “ಡಾಕ್ಟರ್ ಫೋನಾ? ಪಾಪುಗೂ ನಂದೇ ಕಾಯಿಲೆನಾ?”

ಸುಳ್ಳು ಹೇಳಲು ಅಮ್ಮನಿಗೆ ಬಾಯಿ ಬರಲಿಲ್ಲ. “ಹೂಂ ಪುಟ್ಟಾ. ಹುಟ್ಟಿದಾಗ ಹಿಮ್ಮಡಿ ಚುಚ್ಚಿ ರಕ್ತ ತಗೊಂಡಿದ್ರಲ್ಲ, ಅದ್ರಲ್ಲೇ ಅನುಮಾನ ಬಂದಿತ್ತು. ಈಗ ಬೆವರಿನ ಪರೀಕ್ಷೇಲೂ ಅದೇ ಬಂತು.” ಡಾಕ್ಟರು ಹೇಳಿದ ಸಮಾಧಾನದ ಮಾತಿಗೇ ಜೋತುಬಿದ್ದಳು. “ಬೇಗ ಗೊತ್ತಾಗಿದ್ದು ಪುಣ್ಯ ಅಂತೆ. ಶ್ವಾಸಕೋಶ ಹಾಳಾಗೋಕೆ ಮುಂಚೆನೇ ಔಷಧಿ ಶುರು ಮಾಡಿದ್ರೆ ತುಂಬಾ ವರ್ಷ ಬದುಕ್ತಾರಂತೆ.”

ದೊಡ್ಡವಳಿಗೆ ಹುಟ್ಟಿದಾಗ ಯಾರೂ ಹಿಮ್ಮಡಿ ಚುಚ್ಚಿರಲಿಲ್ಲ. ಐದು ವರ್ಷ ಅವಳ ಕೆಮ್ಮನ್ನು ಎಲ್ಲರೂ ಬರೀ ಶೀತ ಎಂದು ತಳ್ಳಿಹಾಕಿದ್ದರು. ಅಮ್ಮನೂ ಅಷ್ಟೇ.

ಹುಡುಗಿ ಒಮ್ಮೆ ಕೆಮ್ಮಿ, ಉಸಿರು ಸುಧಾರಿಸಿಕೊಂಡು, ತಂಗಿ ಮಲಗಿದ್ದ ತೊಟ್ಟಿಲ ಕಡೆ ಕತ್ತು ಹೊರಳಿಸಿದಳು. “ಹಾಗಾದ್ರೆ ಇವಳು ನನಗಿಂತ ಜಾಸ್ತಿ ವರ್ಷ ಇರ್ತಾಳೆ, ಅಲ್ವಾಮ್ಮ?”

ಹೌದು ಅಂದರೆ ಇವಳನ್ನು ಕೈಯಾರೆ ಕೊಂದಂತೆ, ಇಲ್ಲ ಅಂದರೆ ತೊಟ್ಟಿಲಲ್ಲಿರುವವಳನ್ನು. ಬಟ್ಟಲಾದ ಅಂಗೈ ಗಾಳಿಯಲ್ಲೇ ನಿಂತುಬಿಟ್ಟಿತು.

“ನಿಲ್ಲಿಸ್ಬೇಡಮ್ಮ,” ಎಂದಳು ಮಗಳು, ಮುಖವನ್ನು ಮತ್ತೆ ದಿಂಬಿಗೆ ಒತ್ತಿಕೊಂಡು. “ಈಗಷ್ಟೇ ಸಡಿಲ ಆಗ್ತಿತ್ತು.”